ಬಯಲುಸೀಮೆಯ ಸೌದೆಯೊಟ್ಟು

ತುಮಕೂರಿನಿಂದ ಉತ್ತರಕ್ಕೆ ಹೊರಟ ಪ್ರಯಾಣಿಕರು ಸಾಮಾನ್ಯವಾಗಿ ನೋಡುವುದು ಬೆಟ್ಟಗಳನ್ನು. ದೇವರಾಯನದುರ್ಗ, ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ, ಪಾವಗಡ, ಹೀಗೆ ಒಂದನ್ನು ಹಿಂದೆ ಬಿಡುವಷ್ಟರಲ್ಲಿ ಇನ್ನೊಂದು ಎದುರಿಗೆ ಬಂದು ನಿಲ್ಲುತ್ತದೆ. ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಆದರೆ ಈ ಸೀಮೆಯ ಬಾಳುವೆಯನ್ನು ಅರಿಯಬೇಕೆಂಬ ಆಸೆಯುಳ್ಳವರು ದೃಷ್ಟಿಯನ್ನು ಸ್ವಲ್ಪ ಕೆಳಕ್ಕಿಳಿಸಿ ಮನೆಗಳ ಹಿತ್ತಲನ್ನೂ ಪಕ್ಕದ ಸಂದಿಯನ್ನೂ ಗಮನಿಸಬೇಕು. ಅಲ್ಲಿ, ಗೋಡೆಗೆ ಒಂದು ಗೇಣು ಬಿಟ್ಟು, ಕಲ್ಲುಚಪ್ಪಡಿಗಳ ಮೇಲೆ, ಎದೆಯೆತ್ತರಕ್ಕೆ ಜೋಡಿಸಿದ ಸೌದೆಯ ಒಟ್ಟು ಕಾಣುತ್ತದೆ. ಅದರ ತಲೆಯ ಮೇಲೆ ತೆಂಗಿನ ಗರಿಯೋ ಹಳೆಯ ತಗಡೋ ಇರುತ್ತದೆ; ತಗಡು ಗಾಳಿಗೆ ಹಾರದಂತೆ ನಾಲ್ಕು ಕಲ್ಲುಗಳನ್ನು ಹೇರಿರುತ್ತಾರೆ. ಕೋಟೆಯ ಗೋಡೆಯನ್ನು ಚಿತ್ರಿಸಿಕೊಳ್ಳುವ ಪ್ರವಾಸಿ ಈ ಗೋಡೆಯನ್ನು ಚಿತ್ರಿಸಿಕೊಳ್ಳುವುದಿಲ್ಲ. ಆದರೆ ಕೋಟೆಗಳಲ್ಲಿ ಈಗ ಯಾರೂ ವಾಸವಾಗಿಲ್ಲ; ಈ ಸೌದೆಯ ಗೋಡೆಯ ಹಿಂದೆ ಮಾತ್ರ ಇಂದಿಗೂ ಸಂಸಾರಗಳು ನಡೆಯುತ್ತಿವೆ.

ಪಟ್ಟಣದ ನಮಗೆ ಸೌದೆಯೆಂಬುದು ಮರೆತ ಮಾತಾಗಿದೆ. ಒಂದು ಕಾಲಕ್ಕೆ ಬೆಂಗಳೂರು ಮೈಸೂರುಗಳ ಪ್ರತಿಯೊಂದು ಬಡಾವಣೆಯಲ್ಲಿಯೂ ಸೌದೆ ಡಿಪೋ ಇತ್ತು. ಮಣದ ಲೆಕ್ಕದಲ್ಲಿ ತೂಗಿಸಿ ತಂದ ಸೌದೆಯನ್ನು ಹಿತ್ತಲಲ್ಲಿ ಸೀಳಿಸಿ, ಬಚ್ಚಲುಮನೆಯ ಅಟ್ಟಕ್ಕೆ ಏರಿಸುವುದು ಗೃಹಕೃತ್ಯಗಳಲ್ಲಿ ಒಂದಾಗಿತ್ತು. ಹಂಡೆಯೊಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದಿದ ನೆನಪು ಹಿರಿಯರಿಗೆ ಇನ್ನೂ ಇರಬಹುದು. ಅನಿಲ ಬಂದಿತು, ವಿದ್ಯುತ್ತು ಬಂದಿತು, ಅಟ್ಟ ಬರಿದಾಯಿತು. ಹಳ್ಳಿಗಳಿಗೂ ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಮೂಲಕ ಸಿಲಿಂಡರು ತಲಪಿತು. ಆದರೂ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳಲ್ಲಿ ಸೌದೆಯೊಟ್ಟು ಕರಗಿಲ್ಲ. ಏಕೆಂದು ಮಧುಗಿರಿಯ ಸಮೀಪದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯನ್ನು ಕೇಳಿದೆ. ಆಕೆ ನಕ್ಕು, “ಗ್ಯಾಸು ಟೀ ಕಾಸಾಕೆ ಸ್ವಾಮಿ. ಹಿಟ್ಟು ತೊಳಸಾಕೆ, ನೀರು ಕಾಸಾಕೆ ಸೌದೇನೇ ಆಗ್ಬೇಕು. ಸಿಲಿಂಡ್ರು ಮುಗುದ್ರೆ ದುಡ್ಡು ಹುಡುಕ್ಬೇಕು. ಒಟ್ಟಲ್ಲಿ ಸೌದೆ ಇದ್ರೆ ಯಾರ ಮುಂದೂ ಕೈ ಚಾಚಂಗಿಲ್ಲ” ಎಂದಳು. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳು ವಿಸ್ತಾರವಾಗಿ ಹೇಳುವುದನ್ನು ಆಕೆ ಮೂರು ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು.

ಇಷ್ಟು ಒಣಗಿದ ಸೀಮೆಯಲ್ಲಿ ಸೌದೆಯನ್ನು ಒಣಗಿಸುವುದೂ ಒಂದು ವಿದ್ಯೆಯೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿ ಬಿದ್ದಿರುವ ನಾಡು ಇದು. ಆಷಾಢದಲ್ಲಿ ಮಲೆನಾಡು ತೊಯ್ದು ತೊಪ್ಪೆಯಾಗಿರುವಾಗ ಇಲ್ಲಿ ಮೋಡಗಳು ತಲೆಯ ಮೇಲೆ ಓಡುತ್ತವೆಯೇ ಹೊರತು ನಿಲ್ಲುವುದಿಲ್ಲ. ಪಶ್ಚಿಮದ ಗಾಳಿ ಮಾತ್ರ ಹಗಲಿರುಳು ಬೀಸುತ್ತದೆ. ಇಲ್ಲಿಯ ನಿಜವಾದ ಮಳೆ ಬರುವುದು ಅನಂತರ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳು, ಎಂದರೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಮಳೆಗಳು, ವರ್ಷದ ಪಾಲಿನ ದೊಡ್ಡ ಭಾಗವನ್ನು ತರುತ್ತವೆ. ಬಂದರೆ ಗುಡುಗು ಮಿಂಚಿನೊಡನೆ ಒಂದೇ ಸಂಜೆಯಲ್ಲಿ ಸುರಿದುಹೋಗುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂರು ದಿನ ಜಡಿ ಹಿಡಿಯುವುದೂ ಉಂಟು. ೨೦೨೨ರ ಮಳೆಗಾಲದಲ್ಲಿ ಎಷ್ಟೋ ವರ್ಷ ತುಂಬದಿದ್ದ ಕೆರೆಗಳು ಈ ಭಾಗದಲ್ಲಿ ಕೋಡಿ ಬಿದ್ದವು. ಒಂಬತ್ತು ತಿಂಗಳು ಯಾವ ಆರೈಕೆಯೂ ಬೇಡದೆ ಒಣಗಿ ನಿಂತ ಸೌದೆ, ಹತ್ತನೆಯ ತಿಂಗಳ ಒಂದು ವಾರದಲ್ಲಿ ನೀರು ಕುಡಿದು ಕೆಡುತ್ತದೆ. ಮಳೆಯೇ ಇಲ್ಲವೆಂದು ನಂಬಿ ಮೈಮರೆಯುವುದು ಸುಲಭವಾದ ನಾಡಿನಲ್ಲಿಯೇ ಮಳೆಗೆ ಸಿದ್ಧವಾಗಿರುವುದು ಕಷ್ಟ. ಇಲ್ಲಿಯ ಹೆಂಗಸರ ಜಾಣತನ ಇರುವುದು ಈ ಸಿದ್ಧತೆಯಲ್ಲಿ.

ಕೊರಟಗೆರೆಯಿಂದ ಆರಂಭಿಸೋಣ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ತಾಲ್ಲೂಕನ್ನು ಹಾದು ಮಧುಗಿರಿಯ ಕಡೆಗೆ ಹರಿದು, ಮುಂದೆ ಆಂಧ್ರದ ಗಡಿಯತ್ತ ಸಾಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹೊಳೆಯ ದಂಡೆಯ ಊರುಗಳಲ್ಲಿ ತೆಂಗು ಅಡಿಕೆಗಳುಂಟು. ಆದುದರಿಂದ ಇಲ್ಲಿಯ ಒಟ್ಟಿನಲ್ಲಿ ಮರದ ಸೀಳುಗಳಿಗಿಂತ ಎಡಮಟ್ಟೆ, ಕುರುಂಬಾಳೆ, ಕಾಯಿಮಟ್ಟೆ, ಚಿಪ್ಪುಗಳೇ ಹೆಚ್ಚು. ಇವು ಬೇಗ ಒಣಗುತ್ತವೆ. ಅಷ್ಟೇ ಬೇಗ ನೀರನ್ನೂ ಹೀರುತ್ತವೆ. ಕಾಯಿಮಟ್ಟೆಯ ನಾರು ಒಮ್ಮೆ ನೆನೆದರೆ ಮೂರು ದಿನದ ಬಿಸಿಲಿಗೂ ಬಗ್ಗುವುದಿಲ್ಲ. ಹೀಗಾಗಿ ಈ ಊರುಗಳಲ್ಲಿ ಹಗುರವಾದ ಉರುವಲನ್ನು ಸೂರಿನ ಕೆಳಗೆ, ಭಾರವಾದದ್ದನ್ನು ಹೊರಗೆ ಇಡುವ ಪದ್ಧತಿ. ಹೊರಗಿನ ಒಟ್ಟಿಗೆ ಗರಿಯನ್ನು ಒಂದರ ಮೇಲೊಂದು ಇಳಿಜಾರಾಗಿ ಹೊದಿಸುತ್ತಾರೆ. ಕೆಳಗಿನ ಸಾಲನ್ನು ಮೊದಲು, ಮೇಲಿನ ಸಾಲನ್ನು ಅನಂತರ ಹೊದಿಸಬೇಕು. ಇಲ್ಲವಾದರೆ ನೀರು ಸಾಲುಗಳ ನಡುವೆ ನುಸುಳಿ ಒಳಗಿಳಿಯುತ್ತದೆ. ಮನೆಗೆ ಹಂಚು ಹೊದಿಸುವ ಕ್ರಮವೂ ಇದೇ ಅಲ್ಲವೆ?

ಮಧುಗಿರಿಗೆ ಬಂದರೆ ಎಲ್ಲವೂ ಕಲ್ಲು. ಸಮುದ್ರಮಟ್ಟದಿಂದ ಸುಮಾರು ೩,೯೩೦ ಅಡಿ ಎತ್ತರಕ್ಕೆ ನಿಂತ ಏಕಶಿಲೆಯ ಬೆಟ್ಟ ಊರನ್ನೆಲ್ಲ ತನ್ನ ನೆರಳಿನಲ್ಲಿ ಇರಿಸಿಕೊಂಡಿದೆ. ಊರಿನಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿರುವ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳನ್ನು ನೋಡಿ, ಕೋಟೆಯ ಬಾಗಿಲುಗಳನ್ನು ಹಾದು ಬಂಡೆಯನ್ನು ಹತ್ತುವವರಿಗೆ ನೀರಿನ ದೊಣೆಗಳೂ ಧಾನ್ಯದ ಕಣಜಗಳೂ ಕಾಣಸಿಗುತ್ತವೆ. ಮುತ್ತಿಗೆಯ ಕಾಲದಲ್ಲಿ ದುರ್ಗದೊಳಗಿನ ಜನ ಬದುಕಬೇಕಾದರೆ ನೀರು, ಧಾನ್ಯಗಳಷ್ಟೇ ಸಾಲವು. ಬೇಯಿಸುವುದಕ್ಕೆ ಉರುವಲೂ ಬೇಕು. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಟೆಯಲ್ಲಿ ಹಲವು ವರ್ಷಗಳಿಗೆ ಸಾಲುವಷ್ಟು ಕೂಡಿಡಬೇಕಾದ ವಸ್ತುಗಳ ಪಟ್ಟಿಯಿದೆ. ಎಣ್ಣೆ, ಧಾನ್ಯ, ಉಪ್ಪು, ಔಷಧಗಳೊಡನೆ ಹುಲ್ಲು, ಸೌದೆ, ಇದ್ದಲುಗಳ ಹೆಸರೂ ಅದರಲ್ಲಿ ಬರುತ್ತದೆ. ಹೊಸದನ್ನು ತಂದಂತೆಲ್ಲ ಹಳೆಯದನ್ನು ತೆಗೆದು ಬಳಸಬೇಕೆಂಬ ನಿಯಮವನ್ನೂ ಆತ ಸೇರಿಸಿದ್ದಾನೆ. ಮಧುಗಿರಿಯ ಅಜ್ಜಿ ಕೌಟಿಲ್ಯನನ್ನು ಓದಿದವಳಲ್ಲ. ಆದರೆ ಆಕೆಯ ಹಿತ್ತಲಲ್ಲಿ ಒಂದಲ್ಲ, ಎರಡು ಒಟ್ಟುಗಳಿದ್ದವು: ಹೋದ ವರ್ಷದ್ದು ಒಲೆಗೆ, ಈ ವರ್ಷದ್ದು ಬಿಸಿಲಿಗೆ.

ಎರಡು ಒಟ್ಟು ಏಕೆ ಬೇಕೆಂಬುದಕ್ಕೆ ವಿಜ್ಞಾನದ ಉತ್ತರವೂ ಇದೆ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಗಾಳಿಯಲ್ಲಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ಅದು ನೂರಕ್ಕೆ ೧೫ರಿಂದ ೨೦ರಷ್ಟಕ್ಕೆ ಇಳಿಯುತ್ತದೆ. ಪೂರ್ಣವಾಗಿ ಒಣಗಿದ ಒಂದು ಕಿಲೋ ಮರ ಸುಮಾರು ೪,೫೦೦ ಕಿಲೋಕ್ಯಾಲೊರಿ ಶಾಖವನ್ನು ಕೊಡುತ್ತದೆ. ಒಂದು ಕಿಲೋ ನೀರನ್ನು ಆವಿಯಾಗಿಸಲು ೬೦೦ ಕಿಲೋಕ್ಯಾಲೊರಿಗಿಂತ ಹೆಚ್ಚು ಬೇಕು. ಹಸಿ ಸೌದೆಯನ್ನು ತೂಕಕ್ಕೆ ಕೊಂಡವರು ಅರ್ಧ ಹಣವನ್ನು ನೀರಿಗೆ ತೆತ್ತು, ಉಳಿದರ್ಧ ಮರದ ಶಾಖದಲ್ಲಿಯೂ ಏಳನೆಯ ಒಂದು ಪಾಲನ್ನು ಆ ನೀರನ್ನು ಓಡಿಸುವುದಕ್ಕೆ ಖರ್ಚುಮಾಡುತ್ತಾರೆ. ಇದಕ್ಕಿಂತ ಹೆಚ್ಚಿನ ನಷ್ಟ ಬೇರೆಯೊಂದಿದೆ. ನೀರು ಹೊರಡುತ್ತಿರುವಷ್ಟು ಹೊತ್ತೂ ಬೆಂಕಿ ತಣ್ಣಗಿರುತ್ತದೆ. ತಣ್ಣನೆಯ ಬೆಂಕಿಯಲ್ಲಿ ಮರದಿಂದ ಹೊರಟ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆ. ಅದು ಹೋಗುವುದು ಬರಿಯ ಆಕಾಶಕ್ಕಲ್ಲ. ಒಲೆಯ ಮುಂದೆ ಕುಳಿತವಳ ಕಣ್ಣಿಗೆ, ಅವಳ ಎದೆಗೂಡಿಗೆ, ಅವಳ ಮಡಿಲಲ್ಲಿರುವ ಮಗುವಿನ ಉಸಿರಿಗೆ. ಮನೆಯೊಳಗಿನ ಇಂಥ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಾದ್ಯಂತ ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೌದೆಯನ್ನು ಒಣಗಿಸಿಡುವುದು ಬರಿಯ ಮಿತವ್ಯಯದ ಮಾತಲ್ಲವೆಂದು ಈ ಒಂದು ಸಂಖ್ಯೆಯೇ ಹೇಳುತ್ತದೆ. ಒಣ ಸೌದೆಯೂ ಹೊಗೆ ಬಿಡುತ್ತದೆ, ನಿಜ; ಆದರೆ ಹಸಿಯದರಷ್ಟಲ್ಲ.

ಒಣಗಿಸುವ ಕ್ರಮವನ್ನೂ ಹೇಳಬೇಕು. ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಗೂ ಯುಗಾದಿಗೂ ನಡುವೆ, ಮರ ಕಡಿಯುವುದು ವಾಡಿಕೆ. ಮುಂದಿನ ಮೂರು ತಿಂಗಳ ಬಿಸಿಲು ಪೂರ್ತಿಯಾಗಿ ದೊರೆಯುತ್ತದೆ; ಕೈಗಳಿಗೂ ಆಗ ಬಿಡುವು. ಕಡಿದದ್ದನ್ನು ಹಾಗೆಯೇ ಬಿಡದೆ ತುಂಡುಮಾಡಿ ಸೀಳಬೇಕು. ಮರದ ನೀರು ತೊಗಟೆಯ ಮೂಲಕ ಹೊರಡುವುದು ಬಲು ನಿಧಾನ. ಕತ್ತರಿಸಿದ ತುದಿಗಳಿಂದಲೂ ಸೀಳಿದ ಮೈಯಿಂದಲೂ ಬೇಗ ಹೊರಡುತ್ತದೆ. ತೊಡೆಗಾತ್ರದ ಬೊಡ್ಡೆ ವರ್ಷವಾದರೂ ಒಳಗೆ ಹಸಿಯಾಗಿರಬಹುದು. ಅದನ್ನೇ ನಾಲ್ಕು ಸೀಳು ಮಾಡಿದರೆ ಈ ಸೀಮೆಯ ಬಿಸಿಲು ಒಂದು ಬೇಸಿಗೆಯಲ್ಲಿ ಕೆಲಸ ಮುಗಿಸುತ್ತದೆ. ನೀಲಗಿರಿಯನ್ನಂತೂ ಹಸಿಯಿರುವಾಗಲೇ ಸೀಳಬೇಕು. ಒಣಗಿದ ಮೇಲೆ ಅದು ಕೊಡಲಿಯನ್ನೇ ಹಿಂದಕ್ಕೆ ಕಳುಹಿಸುತ್ತದೆ. ಒಣಗಿತೆಂದು ತಿಳಿಯುವ ಬಗೆ ಮೂರು: ತುದಿಯಲ್ಲಿ ನಕ್ಷತ್ರದಂತೆ ಬಿರುಕು ಮೂಡಿರಬೇಕು, ತೊಗಟೆ ಉಗುರಿಗೆ ಕಳಚಿಬರಬೇಕು, ಎರಡು ಸೀಳುಗಳನ್ನು ತಾಕಿಸಿದರೆ ಠಣ್ ಎನ್ನಬೇಕು. ಹಸಿ ಸೌದೆ ಎಂದಿಗೂ ಠಣ್ ಎನ್ನುವುದಿಲ್ಲ, ದಬ್ ಎನ್ನುತ್ತದೆ.

ಒಟ್ಟುವುದರಲ್ಲಿಯೂ ಜಾಣ್ಮೆಯುಂಟು. ಈ ಕೆಂಪುಮಣ್ಣಿನಲ್ಲಿ ನೆಲಕ್ಕೆ ತಾಗಿದ ಮರ ಉಳಿಯುವಂತಿಲ್ಲ. ಗೆದ್ದಲು ಒಂದು ಮಳೆಗಾಲದಲ್ಲಿ ಕೆಳಗಿನ ಸಾಲನ್ನು ಮಣ್ಣುಮಾಡಿಬಿಡುತ್ತದೆ. ಕಲ್ಲಿಗೆ ಬಡತನವಿಲ್ಲದ ನಾಡಾದ್ದರಿಂದ ಇಲ್ಲಿ ಎಲ್ಲರೂ ಚಪ್ಪಡಿಯ ಮೇಲೆ, ಇಲ್ಲವೆ ಸಾಲುಗಲ್ಲುಗಳ ಮೇಲೆ ಒಟ್ಟುತ್ತಾರೆ. ಕಲ್ಲಿನ ಮೇಲೇರುವ ಗೆದ್ದಲಿನ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ; ಪೊರಕೆಯಿಂದ ಒಮ್ಮೆ ಗುಡಿಸಿದರೆ ಆಯಿತು. ಗೋಡೆಗೂ ಒಟ್ಟಿಗೂ ನಡುವೆ ಬಿಟ್ಟ ಗೇಣು ಜಾಗ ಗಾಳಿಗಾಗಿ. ತುದಿಗಳಲ್ಲಿ ಸೀಳುಗಳನ್ನು ಅಡ್ಡ ಉದ್ದ ಹೆಣೆದು ಕಂಬದಂತೆ ಕಟ್ಟಿದರೆ ಒಟ್ಟು ಜಾರುವುದಿಲ್ಲ. ಮುಖ್ಯವಾದ ಸೂತ್ರವೊಂದಿದೆ: ತಲೆಗೆ ಹೊದಿಕೆ ಬೇಕು, ಮೈಗೆ ಬೇಡ. ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೆ ಹೊದಿಸಿ, ಮಳೆಯಿಂದ ಕಾಪಾಡಿದೆವೆಂದು ತೃಪ್ತಿಪಡುವವರು ಬೆಳಿಗ್ಗೆ ಅದನ್ನು ಎತ್ತಿ ನೋಡಬೇಕು. ಹಗಲಿನ ಬಿಸಿಗೆ ಮರದಿಂದಲೂ ನೆಲದಿಂದಲೂ ಎದ್ದ ಆವಿ ರಾತ್ರಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಸೌದೆಯ ಮೇಲೆಯೇ ಬಿದ್ದಿರುತ್ತದೆ. ಬೂಷ್ಟು ಹಿಡಿಯಲು ಆರಂಭವಾಗಿರುತ್ತದೆ. ಮೈ ತೆರೆದ ಒಟ್ಟಿಗೆ ಎರಚಲು ಬಡಿದರೂ ನೆನೆಯುವುದು ಹೊರಮೈ ಮಾತ್ರ. ಮರುದಿನದ ಗಾಳಿ ಅದನ್ನು ಆರಿಸುತ್ತದೆ. ಮುಚ್ಚಿಟ್ಟದ್ದು ಕೆಟ್ಟಿತು, ಬಿಚ್ಚಿಟ್ಟದ್ದು ಉಳಿಯಿತು!

ಇವು ಹಳ್ಳಿಗರ ಹಳೆಯ ಅಭ್ಯಾಸಗಳೆಂದು ನಗುವವರಿಗೆ ನಾರ್ವೆ ದೇಶದ ಪ್ರಸಂಗವೊಂದನ್ನು ಹೇಳಬೇಕು. ಲಾರ್ಸ್ ಮಿಟ್ಟಿಂಗ್ ಎಂಬ ಲೇಖಕ ೨೦೧೧ರಲ್ಲಿ ಸೌದೆಯನ್ನೇ ಕುರಿತು ಒಂದು ಪುಸ್ತಕ ಬರೆದ. ಅದು ಅಲ್ಲಿ ಬಹಳವಾಗಿ ಮಾರಾಟವಾಯಿತು. ೨೦೧೩ರ ಫೆಬ್ರವರಿಯಲ್ಲಿ ಆ ದೇಶದ ದೂರದರ್ಶನ ಕೇಂದ್ರ ಆ ಪುಸ್ತಕದ ಪ್ರೇರಣೆಯಿಂದ ಹನ್ನೆರಡು ಗಂಟೆಗಳ ಕಾಲ ಸೌದೆಯ ಕಾರ್ಯಕ್ರಮವನ್ನು ಪ್ರಸಾರಮಾಡಿತು. ಅದರಲ್ಲಿ ಹೆಚ್ಚಿನ ಹೊತ್ತು ಉರಿಯುವ ಬೆಂಕಿಯ ದೃಶ್ಯವೇ. ಆಗ ನೋಡುಗರಲ್ಲಿ ಎದ್ದ ವಿವಾದವೇನೆಂದರೆ, ಒಟ್ಟುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂಬುದು! ನಮ್ಮ ಸೀಮೆಯಲ್ಲಿ ಈ ವಿವಾದ ಬಹಳ ಹಿಂದೆಯೇ ಇತ್ಯರ್ಥವಾದಂತಿದೆ. ಹೊದಿಕೆಯಿಲ್ಲದ ಒಟ್ಟಿನ ಕೊನೆಯ ಸಾಲಿನಲ್ಲಿ ತೊಗಟೆ ಮೇಲಿರುತ್ತದೆ, ಹಂಚಿನಂತೆ ನೀರನ್ನು ಜಾರಿಸಲು. ಒಳಗಿನ ಸಾಲುಗಳಲ್ಲಿ ಹೇಗಿದ್ದರೂ ನಡೆದೀತು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಹಸುರು ತೆಳುವಾಗುತ್ತದೆ. ಪಾವಗಡ ತಾಲ್ಲೂಕನ್ನು ಬಹುಪಾಲು ಎಲ್ಲ ದಿಕ್ಕಿನಿಂದಲೂ ಆಂಧ್ರಪ್ರದೇಶ ಆವರಿಸಿಕೊಂಡಿದೆ. ಕನ್ನಡ ತೆಲುಗುಗಳೆರಡೂ ಬೀದಿಯಲ್ಲಿ ಕೈಹಿಡಿದು ನಡೆಯುತ್ತವೆ. ಮಧುಗಿರಿಯ ಸೌದೆ ಇಲ್ಲಿ ಅರ್ಧ ಮನೆಗಳಲ್ಲಿ ಕಟ್ಟೆಲು ಆಗುತ್ತದೆ. ಕಟ್ಟೆಲು, ಕಟ್ಟಿಗೆ ಎಂಬ ಮಾತುಗಳ ನಂಟು ಕಿವಿಗೇ ತಿಳಿಯುತ್ತದೆ. ಪುಸ್ತಕದ ಭಾಷೆಯ ಇಂಧನವೂ ಯಜ್ಞದ ಸಮಿಧೆಯೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು; ಬೆಳಗಿಸು, ಉರಿಸು ಎಂದು ಅದರ ಅರ್ಥ. ಶನಿಮಹಾತ್ಮನ ದರ್ಶನಕ್ಕೆ ಬರುವ ಭಕ್ತರು ಕಾಣುವ ಪಾವಗಡ ಒಂದು. ಬಳ್ಳಾರಿಜಾಲಿಯ ಮುಳ್ಳನ್ನು ಕೈಗೆ ಚುಚ್ಚಿಸಿಕೊಂಡು ಹೊರೆ ಕಟ್ಟುವವರು ಕಾಣುವ ಪಾವಗಡ ಇನ್ನೊಂದು. ಹೊರದೇಶದಿಂದ ಬಂದ ಈ ಜಾಲಿ ಕೆರೆಯಂಗಳ, ಬೀಳುಗಳನ್ನೆಲ್ಲ ಆಕ್ರಮಿಸಿ ಬೇರೆ ಗಿಡಗಳಿಗೆ ಎಡೆಯಿಲ್ಲದಂತೆ ಮಾಡಿದೆ. ಆದರೆ ಬಡವರ ಒಲೆಯನ್ನು ಉರಿಸುತ್ತಿರುವುದೂ ಅದೇ. ಅದರ ಕೆಂಡ ಗಟ್ಟಿ, ಕಡಿದಷ್ಟೂ ಚಿಗುರುತ್ತದೆ.

ಈ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಈಗ ಸೌರವಿದ್ಯುತ್ತಿನ ಫಲಕಗಳು ಹಾಸಿಕೊಂಡಿವೆ. ೨೦೧೮ರಲ್ಲಿ ಉದ್ಘಾಟನೆಯಾಗಿ ೨೦೧೯ರಲ್ಲಿ ಪೂರ್ಣಗೊಂಡ ಈ ಉದ್ಯಾನದ ಸಾಮರ್ಥ್ಯ ೨,೦೫೦ ಮೆಗಾವಾಟ್. ಮಳೆ ಕೊಡದ ಆಕಾಶದಿಂದ ಬಿಸಿಲನ್ನಾದರೂ ಬೆಳೆಯಾಗಿ ತೆಗೆದದ್ದು ಮೆಚ್ಚಬೇಕಾದ ಸಂಗತಿ. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದರಿಂದ ಹೊಲವಿದ್ದವರಿಗೆ ನಿಶ್ಚಿತವಾದ ಆದಾಯ ಬಂದಿತು. ಹೊಲವಿಲ್ಲದವರ ಮಾತೇನು? ಕಡಲೆಕಾಯಿ ಹೊಲದ ಕೂಲಿ, ಬದುವಿನ ಮೇಲಿನ ಹುಲ್ಲು, ಬೀಳಿನ ಪುಳ್ಳೆಸೌದೆ, ಇವುಗಳಿಗೆ ಯಾವ ಪತ್ರವೂ ಇರಲಿಲ್ಲ. ಪತ್ರವಿಲ್ಲದ್ದಕ್ಕೆ ಗುತ್ತಿಗೆಯೂ ಬರಲಿಲ್ಲ. ಬೇಲಿಯ ಆಚೆ ಬಿಸಿಲು ವಿದ್ಯುತ್ತಾಗಿ ದೂರದ ನಗರಗಳ ದೀಪವನ್ನು ಹೊತ್ತಿಸುತ್ತಿದ್ದರೆ, ಬೇಲಿಯ ಈಚೆ ಅದೇ ಬಿಸಿಲು ಜಾಲಿಯ ಸೀಳುಗಳನ್ನು ಒಣಗಿಸುತ್ತಿದೆ. ದಾರಿಯಲ್ಲಿ ಕಂಡ ಹೆಂಗಸೊಬ್ಬಳು ಹೊರೆಯನ್ನು ಮೈಲಿಗಲ್ಲಿನ ಮೇಲೆ ಇಳಿಸಿ ಬೆವರೊರೆಸಿಕೊಳ್ಳುತ್ತ, “ಮುಂಚೆ ಊರ ಪಕ್ಕದಾಗೇ ಸಿಗ್ತಿತ್ತಣ್ಣಾ, ಈಗ ದೂರ ಹೋಗ್ಬೇಕು” ಎಂದಳು. ಅಷ್ಟು ದೂರದಿಂದ ಹೊತ್ತು ತಂದದ್ದು ಒಂದು ಸಂಜೆಯ ಮಳೆಗೆ ನೆನೆದರೆ ಹೋಗುವುದು ಸೌದೆಯಲ್ಲ, ಆಕೆಯ ಒಂದು ದಿನ.

ಶಿರಾದ ಕಡೆಗೆ ತಿರುಗಿದರೆ ಇತಿಹಾಸ ಬೇರೊಂದು ಬಣ್ಣ ತಾಳುತ್ತದೆ. ೧೬೮೭ರಿಂದ ಮೊಗಲರ ಸುಬಾ ಒಂದರ ರಾಜಧಾನಿಯಾಗಿ ಮೆರೆದ ಊರು ಇದು. ೧೬೫೧ರ ಮಲಿಕ್ ರಿಹಾನನ ಗೋರಿ, ೧೬೯೬ರ ಜುಮ್ಮಾ ಮಸೀದಿಗಳು ಆ ವೈಭವವನ್ನು ನೆನಪಿಸುತ್ತವೆ. ಆದರೆ ನನ್ನನ್ನು ಹೆಚ್ಚು ಕಾಲ ನಿಲ್ಲಿಸಿದ್ದು ಇದೇ ತಾಲ್ಲೂಕಿನ ಕಗ್ಗಲಡು ಗ್ರಾಮ. ಊರ ನಡುವಿನ ಹುಣಸೆಮರಗಳಲ್ಲಿ ಪ್ರತಿವರ್ಷವೂ ಬಣ್ಣದ ಕೊಕ್ಕರೆಗಳು ಬಂದು ಗೂಡುಕಟ್ಟುತ್ತವೆ. ಹುಣಸೆಯ ಸೌದೆಗೆ ಬೆಲೆಯಿದೆ. ಅದರ ಕಾವನ್ನು ಇಟ್ಟಿಗೆಗೂಡಿನವರೂ ಬಲ್ಲರು. ಫಲಕ್ಕಂತೂ ಬೆಲೆ ಇದ್ದೇ ಇದೆ. ಆದರೂ ಊರವರು ಆ ಮರಗಳಿಗೆ ಕೊಡಲಿ ತಾಗಿಸುವುದಿಲ್ಲ. ಗೂಡುಗಳಿರುವಾಗ ಮರ ಹತ್ತಿ ಹುಣಸೆ ಬಡಿಯುವುದನ್ನೂ ಬಿಟ್ಟಿದ್ದಾರೆ. ಉರುವಲಿಗಾಗಿ ಮೈಲಿಗಟ್ಟಲೆ ನಡೆಯುವ ಸೀಮೆಯಲ್ಲಿ, ಮನೆಯ ಮುಂದಿನ ಮರವನ್ನು ಹಕ್ಕಿಗೆ ಬಿಟ್ಟುಕೊಡುವುದು ಸಣ್ಣ ತ್ಯಾಗವಲ್ಲ. ಯಾವುದನ್ನು ಸುಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಅವರಲ್ಲಿದೆ. ಸುಡಬಾರದ್ದೂ ಇದೆ: ಕಣಗಿಲೆಯ ಕಡ್ಡಿಯನ್ನು ಒಲೆಗೆ ಇಡಬಾರದೆಂದು ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಆ ಗಿಡದ ಹೊಗೆಯೂ ವಿಷವೇ.

ಒಲೆಯ ಸುಧಾರಣೆಗೂ ಈ ಜಿಲ್ಲೆಗೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ ಸ್ಥಾಪನೆಯಾದ ಅಸ್ತ್ರ ಎಂಬ ವಿಭಾಗದವರು ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಯ ಉರುವಲಿನ ಲೆಕ್ಕ ತೆಗೆದರು. ಹಳ್ಳಿ ಬಳಸುವ ಒಟ್ಟು ಶಕ್ತಿಯಲ್ಲಿ ಸೌದೆಯದೇ ಸಿಂಹಪಾಲೆಂದು ತಿಳಿದುಬಂದಿತು. ಅದರಿಂದಲೇ ಮುಂದೆ ಹೊಗೆಕೊಳವೆಯುಳ್ಳ ಅಸ್ತ್ರ ಒಲೆ ರೂಪುಗೊಂಡು ರಾಜ್ಯದ ಹಲವೆಡೆ ಹರಡಿತು. ಒಲೆ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಹಸಿ ಸೌದೆಯನ್ನು ತುರುಕಿದರೆ ಮುನಿಸಿಕೊಳ್ಳುತ್ತದೆ. ವಿಜ್ಞಾನಿಯ ಕೆಲಸ ಅಡುಗೆಮನೆಯಲ್ಲಿ ಫಲಿಸಬೇಕಾದರೆ ಹಿತ್ತಲಲ್ಲಿ ಗೃಹಿಣಿಯ ಕೆಲಸ ಮೊದಲೇ ಆಗಿರಬೇಕು.

ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿಬಂದವರ ಕೈಯಲ್ಲಿ ಬೆಟ್ಟಗಳ ಚಿತ್ರಗಳಿರುತ್ತವೆ, ಇರಲಿ. ಒಮ್ಮೆ ಸೆಪ್ಟೆಂಬರ್ ತಿಂಗಳ ಮಧ್ಯಾಹ್ನ ಆ ಕಡೆಗೆ ಹೋಗುವ ಅವಕಾಶ ದೊರೆತರೆ ಮಾತ್ರ, ಮೋಡ ಕವಿಯುವ ಹೊತ್ತಿನಲ್ಲಿ ಯಾವುದಾದರೂ ಹಳ್ಳಿಯ ಬೀದಿಯಲ್ಲಿ ನಿಂತು ನೋಡಿ. ಮೊದಲ ಗುಡುಗಿಗೆ ಕುರಿಗಳು ದೊಡ್ಡಿಗೆ ತಿರುಗುತ್ತವೆ, ಕಣದಲ್ಲಿ ಹರವಿದ್ದನ್ನು ರಾಶಿಮಾಡುತ್ತಾರೆ, ಅಂಗಳದ ಬಟ್ಟೆಗಳು ಒಳಗೆ ಹೋಗುತ್ತವೆ. ಆಮೇಲೆ ಪ್ರತಿಯೊಂದು ಮನೆಯಿಂದಲೂ ಒಬ್ಬಳು ಹೊರಗೆ ಬಂದು, ಸೌದೆಯೊಟ್ಟಿನ ತಗಡನ್ನು ಸರಿಪಡಿಸಿ, ಕಲ್ಲನ್ನು ಇನ್ನಷ್ಟು ಭದ್ರವಾಗಿಟ್ಟು, ನಾಳೆಯ ಒಲೆಗೆ ಬೇಕಾದ ನಾಲ್ಕು ಸೀಳುಗಳನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋಗುತ್ತಾಳೆ. ಮಳೆ ಬರಬೇಕೆಂದು ಇಡೀ ವರ್ಷ ಬೇಡಿದವಳೂ ಅವಳೇ. ಬಂದ ಮಳೆ ಹೊಲಕ್ಕಿರಲಿ, ಒಟ್ಟಿಗೆ ಬೇಡ ಎಂಬುದಷ್ಟೇ ಅವಳ ಕೋರಿಕೆ.